ಗಟ್ಟಿಯಾಗಿದ್ದವರ ಡಾಕ್ಟ್ರಮ್ಮ

ಬಿ.ಪಿ. ಯಂತ್ರದ ರಬ್ಬರ್ ಚೆಂಡನ್ನು ಒತ್ತಿ ಒತ್ತಿ, ಅದರ ತಿರುಪು ತಿರುಗಿಸಿ, ಮದ್ದೂರಿನ ನಮ್ಮ ಡಾಕ್ಟ್ರಮ್ಮನ ಬಲಗೈ ಹೆಬ್ಬೆರಳಿನ ಪಕ್ಕ ಜಡ್ಡುಗಟ್ಟಿತ್ತು. ಕಾಯಿಲೆಯವರಿಗಿಂತ ಅವರ ಜೊತೆ ಬಂದವರ ತೋಳಿಗೇ ಅವರು ಹೆಚ್ಚಾಗಿ ಪಟ್ಟಿ ಸುತ್ತುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹೈಸ್ಕೂಲಿನ ಡ್ರಿಲ್ ಮಾಸ್ತರ, ಮೂವತ್ತೆರಡರ ಪ್ರಾಯ, ತಾಲ್ಲೂಕು ಕಬಡ್ಡಿ ತಂಡದ ನಾಯಕ. ಬಸುರಿ ಹೆಂಡತಿಯನ್ನು ತೋರಿಸಲು ಪಕ್ಕದ ಕೊಪ್ಪದಿಂದ ಬಸ್ಸಿನಲ್ಲಿ ಕರೆತಂದಿದ್ದೆ. ಅವಳನ್ನು ನೋಡಿ ಮುಗಿಸಿದವರೇ ನನ್ನ ತೋಳು ಹಿಡಿದರು.

“ನಂಗೇನಾಗದೆ ಡಾಕ್ಟ್ರಮ್ಮ? ಗಟ್ಟಿಯಾಗಿವ್ನಿ,” ಎಂದೆ.

“ಕಾಯಿಲೆಯೋರು ತಾವೇ ಬತ್ತಾರೆ. ಗಟ್ಟಿಯಾಗಿರೋರ್ನ ನಾನೇ ಇಡ್ಕಬೇಕು. ಕೂತ್ಕೊಳಯ್ಯ.”

ಪಾದರಸ ಇಳಿಯುವುದನ್ನು ನೋಡಿ ಮತ್ತೊಮ್ಮೆ ಅಳೆದರು. ಬೀಡಿ ಎಷ್ಟು, ಊಟಕ್ಕೇನು, ಅಪ್ಪ ಹೇಗೆ ತೀರಿಕೊಂಡರು ಎಂದೆಲ್ಲ ಕೇಳಿದರು. ಅಪ್ಪ ಐವತ್ತೆರಡಕ್ಕೇ ಹೋದದ್ದು, ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ಕೊನೆಯ ತಿಂಗಳೆಲ್ಲ ಗೋಡೆಗೊರಗಿ ಕೂತೇ ಕಳೆದದ್ದು ಹೇಳಿದೆ.

“ನಿನ್ನ ಗುಂಡಿಗೆ ಇವತ್ತು ಚೆನ್ನಾಗದೆ ಕಣಯ್ಯ. ಬಿ.ಪಿ. ಮಾತ್ರ ಏರದೆ. ಇಂಗೇ ಬುಟ್ರೆ ಇಪ್ಪತ್ತು ವರ್ಸಕ್ಕೆ ನಿಮ್ಮಪ್ಪಂದು ಸೋತಂಗೇ ಸೋಲ್ತದೆ,” ಎಂದರು.

ಸಿಟ್ಟು ಬಂತು. ಮಾತ್ರೆಯ ಚೀಟಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ಎಸೆದೆ.

ಎರಡು ತಿಂಗಳಿಗೆ ಮಗಳು ಹುಟ್ಟಿದಳು. ಕೂಸನ್ನು ನನ್ನ ಕೈಗಿತ್ತು ಡಾಕ್ಟ್ರಮ್ಮ, “ಇವಳು ಕಾಲೇಜಿಗೆ ಓಗೋ ಒತ್ಗೆ ನೀನಿರ್ಬೇಕೋ ಬ್ಯಾಡ್ವೋ?” ಎಂದಷ್ಟೇ ಕೇಳಿದರು. ಜೇಬಿನ ಬೀಡಿಕಟ್ಟು ತೆಗೆದು ಅವರ ಮೇಜಿನ ಮೇಲಿಟ್ಟೆ. ಹೊಸ ಚೀಟಿ ಬರೆಸಿಕೊಂಡೆ.

ಮುದ್ದೆ, ಉಪ್ಸಾರಿನ ಸೀಮೆಯಲ್ಲಿ ಉಪ್ಪು ಕಡಿಮೆ ಮಾಡುವುದು ಬೀಡಿ ಬಿಡುವುದಕ್ಕಿಂತ ಕಷ್ಟ. ಹೆಂಡತಿ ನನಗೆಂದೇ ಬೇರೆ ಕುಡಿಕೆಯಲ್ಲಿ ಸಾರು ಕಾಯಿಸಿದಳು. ತಿಂಗಳಿಗೊಮ್ಮೆ ಹೋಗಿ ತೋಳು ಚಾಚುತ್ತಿದ್ದೆ. ಏರಿದ್ದರೆ ಬೈಗುಳ ಗ್ಯಾರಂಟಿ. ವರ್ಷ ತುಂಬುವ ಹೊತ್ತಿಗೆ ಪಾದರಸ ಅವರು ಬಯಸಿದ ಗೆರೆಗೆ ಬಂದು ನಿಂತಿತು. ಡಾಕ್ಟ್ರಮ್ಮ ಎದ್ದು ಬಾಗಿಲಿಗೆ ಹೋಗಿ, ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, “ನೋಡ್ರಪ್ಪ, ಡ್ರಿಲ್ ಮಾಸ್ಟ್ರು ಗೆದ್ರು,” ಎಂದರು. ಬೆಂಚಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಕಬಡ್ಡಿಯಲ್ಲಿ ಯಾವ ಕಪ್ ಗೆದ್ದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅಪ್ಪನ ವಯಸ್ಸನ್ನು ದಾಟಿದೆ. ನಿವೃತ್ತನಾದೆ. ಡಾಕ್ಟ್ರಮ್ಮ ತೀರಿಹೋದಾಗ ನನಗೆ ಅರವತ್ತೇಳು. ಮಳವಳ್ಳಿ ಹತ್ತಿರದ ಅವರ ಹುಟ್ಟೂರಿನಲ್ಲಿ ಹೆಗಲು ಕೊಡಲು ಮುಂದೆ ಬಂದವರೆಲ್ಲ ಒಂದು ಕಾಲಕ್ಕೆ ಅವರಿಂದ ಬೈಸಿಕೊಂಡವರೇ, ಅರವತ್ತು ದಾಟಿದವರೇ. ಹುಡುಗರು ಬದಲಿಗೆ ಬಂದರೂ ನಾವು ಬಿಡಲಿಲ್ಲ. ದಿಬ್ಬದ ಮೇಲಿನ ಹೊಲದವರೆಗೆ ಎಲ್ಲೂ ನಿಲ್ಲದೆ, ಯಾರಿಗೂ ಏದುಸಿರು ಬಾರದೆ, ಅವರನ್ನು ಹೊತ್ತು ನಡೆದೆವು.