ತೂಬಾದ ಚಳಿಯಲ್ಲಿ ಬಸಳೆ

ನನ್ನ ಮೊದಲ ಮೊಮ್ಮಗ ಹುಟ್ಟಿದ್ದು ಅರಬರ ನಾಡಿನ ಹಾಯಿಲ್‌ನಲ್ಲಿ. ಆ ಸಂತೋಷ ಇವತ್ತಿಗೂ ಎದೆಯಲ್ಲಿ ಹಿಡಿಸುವುದಿಲ್ಲ, ಯಾರು ಸಿಕ್ಕಿದರೂ ಹೇಳಿಬಿಡುತ್ತೇನೆ. ಆದರೆ ಹೇಳಲು ಬಾಯಿ ತೆರೆದಾಗಲೆಲ್ಲ ಮೊದಲು ಮೂಗಿಗೆ ಬರುವುದು ಪಾರಿವಾಳದ ಹಿಕ್ಕೆಯ ನಾತ.

ತೊಂಬತ್ತರ ದಶಕದ ಒಂದು ಚಳಿಗಾಲ. ಅಳಿಯ ಊರಾಚೆಯ ದೊಡ್ಡ ಗೋಧಿ ತೋಟವೊಂದರಲ್ಲಿ ಪಂಪು ರಿಪೇರಿಯ ಕೆಲಸದಲ್ಲಿದ್ದ. ಮಗಳಿಗೆ ಆರು ತಿಂಗಳು. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೀಗೇ ಆದರೆ ಮಗು ತೀರಾ ಸಣ್ಣದಾಗುತ್ತದೆ ಎಂದು ಡಾಕ್ಟರಮ್ಮ ಗದರಿಸಿದ್ದರಂತೆ. ಎಂತ ಬೇಕು ಮಗಳೇ ಎಂದು ಫೋನಿನಲ್ಲಿ ಕೇಳಿದರೆ ಅವಳದು ಒಂದೇ ಮಾತು: ಬಸಳೆ ಮತ್ತು ಒಣಸಿಗಡಿಯ ಪದಾರ್ಥ. ನಾನು ಬಾವಿಕಟ್ಟೆಯ ಚಪ್ಪರದಿಂದ ನಾಲ್ಕು ದಂಟು ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಮಲಗಿಸಿ ವಿಮಾನ ಹತ್ತಿದೆ. ಎಲೆಗಳು ದಾರಿಯಲ್ಲೇ ಕೊಳೆತು ಸೀರೆಗೆ ಮೆತ್ತಿದ್ದವು. ದಂಟು ಮಾತ್ರ ಹಸಿರಾಗಿಯೇ ಇತ್ತು.

ತೋಟದ ಕ್ವಾರ್ಟರ್ಸಿನಲ್ಲಿ ಪಕ್ಕದ ಕೋಣೆ ಒಬ್ಬ ಮಿಸ್ರಿ ಮುದುಕನದು. ಈಜಿಪ್ಟಿನವರನ್ನು ಅಲ್ಲಿ ಹಾಗೇ ಕರೆಯುವುದು. ಗೋಧಿಗೆ ನೀರು ಬಿಡುವುದು ಅವನ ಕೆಲಸ. ಹಿತ್ತಲಲ್ಲಿ ಸ್ವಂತಕ್ಕೆ ಒಂದಿಷ್ಟು ಸೊಪ್ಪು, ಸೌತೆ ಬೆಳೆಯುತ್ತಿದ್ದ. ಅದಕ್ಕಾಗಿ ಪಾರಿವಾಳದ ಹಿಕ್ಕೆಯನ್ನು ಒಂದು ಡ್ರಮ್ಮಿನಲ್ಲಿ ನೀರು ಹಾಕಿ ಕೊಳೆಸುತ್ತಿದ್ದ. ಮೇಲೆ ಹಳದಿ ನೊರೆ, ನೊರೆಯಲ್ಲಿ ಗರಿಗಳು. ಅದಕ್ಕೆ ಮೊಣಕೈವರೆಗೆ ಬರಿಗೈ ಇಳಿಸಿ, ಹಿಟ್ಟು ಕಲಸುವಂತೆ ಕಲಸುತ್ತಿದ್ದ. ಆಮೇಲೆ ಕೈಯನ್ನು ನಿಲುವಂಗಿಗೆ ಒರೆಸಿ, ಅದೇ ಕೈಯಲ್ಲಿ ರೊಟ್ಟಿ ಮುರಿದು “ಹಾಜ್ಜಾ, ತಗೋ” ಎಂದು, ಹಿರಿಯಳೆಂಬ ಮರ್ಯಾದೆಯಿಂದ ಕರೆದು, ನನಗೆ ಚಾಚುತ್ತಿದ್ದ. ನಾನು ಸೆರಗಿನಿಂದ ಮೂಗು ಮುಚ್ಚಿ ಒಳಗೆ ನಡೆಯುತ್ತಿದ್ದೆ.

ನಾನು ದಂಟು ನೆಡಲು ಗುಂಡಿ ತೋಡುವುದನ್ನು ಕಂಡು ಅವನು ಓಡಿ ಬಂದ. “ತೂಬಾ, ತೂಬಾ” ಎನ್ನುತ್ತ ಚಳಿಗೆ ನಡುಗುವವನಂತೆ ಮೈ ಅಲ್ಲಾಡಿಸಿ ತೋರಿಸಿದ. ಅಳಿಯ ಬಂದು ಬಿಡಿಸಿ ಹೇಳಿದ. ತೂಬಾ ಎಂದರೆ ಅವರ ಚಳಿಯ ತಿಂಗಳು. ಅದು ಮುಗಿದ ಮೇಲೆ ಅಮ್ಶೀರ್, ಬರೀ ಗಾಳಿ ಧೂಳಿನ ತಿಂಗಳು. ಆಮೇಲಿನ ಬರಮ್ಹಾತ್‌ನಲ್ಲಿ ಮಾತ್ರ ಇಂಥ ಗಿಡ ಹೊರಗೆ ನೆಡಬಹುದು. ಅವರ ಹಿರಿಯರಿಗೆ ವರ್ಷಕ್ಕೆ ಮೂರೇ ಕಾಲವಂತೆ: ನದಿ ಉಕ್ಕುವ ಕಾಲ, ನೀರು ಇಳಿದು ಪೈರು ಏಳುವ ಕಾಲ, ಕೊಯ್ಲಿನ ಕಾಲ. ಒಂದೊಂದಕ್ಕೆ ನಾಲ್ಕು ತಿಂಗಳು, ತಿಂಗಳಿಗೆ ಸರಿಯಾಗಿ ಮೂವತ್ತು ದಿನ. ಕೊನೆಗೆ ಉಳಿದ ಐದು ದಿನಕ್ಕೆ ಒಂದು ಗಿಡ್ಡ ತಿಂಗಳು. ಈಗ ಅಣೆಕಟ್ಟು ಕಟ್ಟಿ ನದಿ ಉಕ್ಕುವುದು ನಿಂತಿದೆ, ಆದರೂ ಬೇಸಾಯದವರು ಆ ಹೆಸರುಗಳನ್ನು ಬಿಟ್ಟಿಲ್ಲ.

ಇದೆಲ್ಲ ಯಾವ ಕಾಲದ್ದು ಎಂದು ಕೇಳಿದೆ. ಮುದುಕ ಎದೆ ಉಬ್ಬಿಸಿ, ಫಿರ್‌ಔನನ ಕಾಲದ್ದು ಎಂದ. ಪ್ರವಾದಿ ಮೂಸಾ ನೆಬಿಯನ್ನು ಸಮುದ್ರದವರೆಗೆ ಅಟ್ಟಿಸಿಕೊಂಡು ಹೋದ ಆ ದುಷ್ಟ ರಾಜನ ಹೆಸರು ಕೇಳಿ ನನಗೆ ಮೈಯೆಲ್ಲ ಹೇಸಿತು.

“ಫಿರ್‌ಔನನ ತಿಂಗಳು ನೋಡಿ ನಾನು ಬಸಳೆ ನೆಡಬೇಕಾ? ಅದು ಆಗ್ಲಿಕ್ಕಿಲ್ಲ ಅಂತ ಹೇಳು ಅವನಿಗೆ.”

“ಹಾಗಾದ್ರೆ ಮಾಮಿ, ನೀವು ಆಟಿ, ಸೋಣ ಅಂತ ಎಣಿಸುವುದು ಯಾವ ಕಿತಾಬಿನಲ್ಲಿ ಉಂಟು?” ಎಂದ ಅಳಿಯ.

ಉಪವಾಸಕ್ಕೆ, ಹಬ್ಬಕ್ಕೆ ನಾವು ಚಂದ್ರನನ್ನು ನೋಡುವವರು, ಬಿತ್ತುವುದಕ್ಕೆ ಮಾತ್ರ ತುಳುವರ ತಿಂಗಳು. ಅವರ ತೂಬಾದ ಹೊತ್ತಿಗೆ ನಮ್ಮ ಪುಯಿಂತೆಲ್. ಆಗ ಊರಲ್ಲಿ ಬಸಳೆಯನ್ನು ಎಲ್ಲಿ ಊರಿದರೂ ಚಿಗುರುತ್ತದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಇಷ್ಟು ಗೊತ್ತಿಲ್ಲವಾ ನನಗೆ ಎಂದು ಮೂರು ದಂಟು ನೆಟ್ಟೇಬಿಟ್ಟೆ. ಗಿಡ್ಡದೊಂದನ್ನು ಅಡುಗೆಮನೆಯ ಲೋಟದಲ್ಲಿ ಬಿಟ್ಟಿದ್ದೆ.

ನಾಲ್ಕನೇ ದಿನ ಬೆಳಿಗ್ಗೆ ಮೂರೂ ಬೇಯಿಸಿ ಬಿಸಾಡಿದಂತೆ ಕಪ್ಪಾಗಿ ಬಿದ್ದಿದ್ದವು. ಮುಟ್ಟಿದರೆ ಲೋಳೆ. ಮಗಳು ಕಿಟಕಿಯಿಂದ ನೋಡಿದಳು, ಒಳಗೆ ಹೋಗಿ ಮಲಗಿದಳು. ಅವಳ ಕೈಯಲ್ಲಿ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಉಳಿದ ಒಂದನ್ನು ಹಿಡಿದು ನಾನೇ ಮುದುಕನ ಬಾಗಿಲಿಗೆ ಹೋದೆ. ಅವನು ನಗಲಿಲ್ಲ, ಅದೊಂದು ಪುಣ್ಯ. ಹಾಲಿನ ಪುಡಿಯ ಡಬ್ಬಿಗೆ ಮಣ್ಣು ತುಂಬಿ, ಡ್ರಮ್ಮಿನಿಂದ ಒಂದು ಬೊಗಸೆ ಹೊಯ್ದು, ದಂಟು ಊರಿ, ಒಲೆಯ ಹತ್ತಿರ ಬೆಚ್ಚಗೆ ಇಡು ಎಂದು ಸನ್ನೆ ಮಾಡಿದ. ವಾರಕ್ಕೊಮ್ಮೆ ತಾನೇ ಇನ್ನೊಂದು ಬೊಗಸೆ ತರುತ್ತಿದ್ದ, ಬೆರಳ ಸಂದಿಯಿಂದ ನನ್ನ ತೊಳೆದ ನೆಲಕ್ಕೆ ತೊಟ್ಟಿಕ್ಕಿಸಿಕೊಂಡು.

ಅಮ್ಶೀರ್ ಬಂತು. ಹೊರಗೆ ಧೂಳು, ಕಿಟಕಿ ತೆರೆಯುವಂತಿಲ್ಲ. ಒಳಗೆ ಆ ಡಬ್ಬಿ. ಅನ್ನಕ್ಕೆ ಅದರ ವಾಸನೆ, ಚಹಾಕ್ಕೆ ಅದರ ವಾಸನೆ, ನಮಾಜಿಗೆ ನಿಂತರೆ ತಲೆಗೆ ಹೊದ್ದ ದುಪ್ಪಟಿಯಲ್ಲೂ ಅದೇ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡಿದೆ. ಎಷ್ಟೋ ಸಲ ಡಬ್ಬಿಯನ್ನು ಹೊರಗೆ ಎಸೆಯಲು ಎತ್ತಿದ್ದೂ ಉಂಟು. ಒಂದು ದಿನ ಹಾಗೆ ಎತ್ತಿದಾಗಲೇ ಗಿಣ್ಣಿನಲ್ಲಿ ಎರಡು ಕೆಂಪು ಚಿಗುರು ಕಂಡೆ. ಮತ್ತೆ ಅಲ್ಲೇ ಇಟ್ಟೆ.

ಬರಮ್ಹಾತ್ ಹಿಡಿದ ದಿನ ಮುದುಕನೇ ಅದನ್ನು ಬಿಸಿಲು ಬೀಳುವ ಗೋಡೆಯ ಬುಡಕ್ಕೆ ಇಳಿಸಿದ. ಆ ತಿಂಗಳು ಮುಗಿಯುವ ಮುಂಚೆ ಅಂಗೈಯಗಲದ ಎಲೆಗಳು. ಏಳು ನೀರಿನಲ್ಲಿ ತೊಳೆದೆ. ತೊಳೆದಷ್ಟೂ ನನ್ನ ಮೂಗಿಗೆ ಅದೇ ನಾತ. ಕಾಯಿ ಅರೆದು, ಊರಿಂದ ತಂದಿದ್ದ ಒಣಸಿಗಡಿ ಹುರಿದು ಪದಾರ್ಥ ಮಾಡಿ ಮಗಳ ಮುಂದೆ ಇಟ್ಟೆ. ಮೊದಲ ತುತ್ತಿಗೆ ಅವಳು ಕಣ್ಣು ಮುಚ್ಚಿದಳು. ನಾನು ಬೇಸಿನ್ ಹಿಡಿದು ನಿಂತಿದ್ದೆ.

“ಉಮ್ಮಾ, ಇನ್ನು ಸ್ವಲ್ಪ ಉಂಟಾ?”

ಬಡಿಸಿದೆ. ಮತ್ತೊಮ್ಮೆ ಬಡಿಸಿದೆ. “ನೀವೂ ತಿನ್ನಿ” ಎಂದು ಅವಳು ನನ್ನ ಬಾಯಿಗೆ ಒಂದು ತುತ್ತು ಇಟ್ಟಳು. ಆ ಹಳದಿ ನೊರೆ ಕಣ್ಣೆದುರು ಬಂತು. ಅದೇ ಬೇಸಿನ್ ಹಿಡಿದು ಹಿತ್ತಲಿಗೆ ಓಡಿದವಳು ನಾನು. ಒಳಗಿನಿಂದ ಮಗಳು ನಗುವುದು ಕೇಳಿಸುತ್ತಿತ್ತು. ನಾನು ಅಲ್ಲಿಗೆ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಂದಿನಿಂದ ಮಗಳು ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಅವರ ಬರಮೂದಾ, ನಮ್ಮ ಪಗ್ಗು. ಆ ತಿಂಗಳು ಮೊಮ್ಮಗ ಹುಟ್ಟಿದ. ಮುಂದೆ ಇನ್ನೂ ಆರು ಮೊಮ್ಮಕ್ಕಳನ್ನು ಈ ಕೈಯಲ್ಲಿ ಎತ್ತಿಕೊಂಡಿದ್ದೇನೆ, ಅಷ್ಟು ಭಾರದ ಮಗು ಮತ್ತೆ ಸಿಗಲಿಲ್ಲ.