ಲೇಡೀಸು ಸರ್ಕಲ್‌ವರೆಗೆ ಮಾತ್ರ

ನನ್ನ ಕೆಲಸವೇ ಸಂಶಯಪಡುವುದು. ನಾಗಸಂದ್ರದ ಕಡೆ ಒಂದು ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ತಯಾರಾದ ಮಾಲಿನ ತಪಾಸಣೆ ಮಾಡುತ್ತಿದ್ದೇನೆ. ಬೇರೆಯವರು ಮಾಡಿಟ್ಟ ಬೋಲ್ಟನ್ನು ಕೈಗೆತ್ತಿಕೊಂಡು, ‘ಇದು ಸರಿ ಇರಲಿಕ್ಕಿಲ್ಲ’ ಎಂದು ಶುರುಮಾಡುವುದಕ್ಕೆ ನನಗೆ ಸಂಬಳ. ಆ ಅಭ್ಯಾಸ ಸಂಜೆ ನನ್ನ ಜೊತೆಗೇ ಬಸ್ಸು ಹತ್ತಿ ಯಲಹಂಕದ ಬಳಿಯ ಅಟ್ಟೂರಿನ ಮನೆಗೂ ಬರುತ್ತದೆ. ಮಲಗುವ ಮೊದಲು ಗ್ಯಾಸ್ ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡುತ್ತೇನೆ. ಪಕ್ಕದ ಮನೆಯವರು ನಗುತ್ತ ಮಾತಾಡಿಸಿದರೆ ಅವರ ನೀರಿನ ಸಂಪು ಖಾಲಿಯಾಗಿರಬೇಕು ಅಂದುಕೊಳ್ಳುತ್ತೇನೆ. ಹೆಚ್ಚಿನ ಸಲ ಖಾಲಿಯಾಗಿಯೇ ಇರುತ್ತದೆ, ಆ ಮಾತು ಬೇರೆ.

ಹೀಗಾಗಿ ಬಡಾವಣೆಯ ಸಂಘದ ಅಧ್ಯಕ್ಷರು ಒಂದು ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ನಿಲ್ಲಿಸಿ ನನ್ನ ಹೆಗಲ ಮೇಲೆ ಕೈ ಹಾಕಿದಾಗ ನನಗೆ ಒಳ್ಳೆಯ ಯೋಚನೆ ಯಾವುದೂ ಬರಲಿಲ್ಲ.

“ಸಾರ್, ಭಾನುವಾರ ಮೆರವಣಿಗೆ. ಲೇಡೀಸ್ ಕಡೆ ಜವಾಬ್ದಾರಿ ನಿಮ್ದು.”

ದೇಶದ ಗಡಿಯಲ್ಲಿ ಆಗಬಾರದ್ದು ಆಗಿತ್ತು. ಟೀವಿಗಳು ಮೂರು ದಿನದಿಂದ ಗಂಟಲು ಹರಿದುಕೊಳ್ಳುತ್ತಿದ್ದವು. ಹೆಬ್ಬಾಳದಲ್ಲಿ ಬಾವುಟ ಹಿಡಿದು ನಡೆದರಂತೆ, ಆರ್.ಟಿ. ನಗರದಲ್ಲಿ ಪ್ರತಿಕೃತಿ ಸುಟ್ಟರಂತೆ. ನಾವು ಸುಮ್ಮನಿದ್ದರೆ ಯಲಹಂಕದ ಮರ್ಯಾದೆ ಏನಾಗಬೇಕು? ಸಿಟ್ಟು ನನಗೂ ಬಂದಿತ್ತು, ಅದರಲ್ಲಿ ನಾಟಕವೇನಿಲ್ಲ. ಆದರೆ ಹಿಂದಿನ ಸಲದ ಮೆರವಣಿಗೆಯ ಫೋಟೊ ಅಧ್ಯಕ್ಷರನ್ನು ಕಾಡುತ್ತಿತ್ತು. ಅದರಲ್ಲಿ ಕಣ್ಣು ಹಾಯಿಸಿದಷ್ಟೂ ಗಂಡಸರು, ನಡುವೆ ಇಬ್ಬರೇ ಹೆಂಗಸರು. ಆ ಇಬ್ಬರಲ್ಲಿ ಒಬ್ಬರು ಸೊಪ್ಪು ತರಲು ಹೊರಟು ನಡುವೆ ಸಿಕ್ಕಿಹಾಕಿಕೊಂಡವರು.

“ಮೂವತ್ತು ಜನ ಆದ್ರೂ ಬೇಕು. ಮುಂದೆ ಬ್ಯಾನರ್ ಹಿಡ್ಕೊಳ್ಳೋಕೆ. ಇಲ್ಲಾಂದ್ರೆ ಫೋಟೊ ಒಂಥರಾ ರೌಡಿಗಳ ಥರ ಬರುತ್ತೆ ಸಾರ್.”

ವಾಕಿಂಗ್ ಮುಗಿಸಿ ಟೀ ಅಂಗಡಿಯ ಮುಂದೆ ನಿಂತಾಗ ಇದೇ ಚರ್ಚೆ. ಹೆಂಗಸರು ಯಾಕೆ ಬರುವುದಿಲ್ಲ? ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, “ಸೀರಿಯಲ್ ಕಣ್ರೀ, ಇನ್ನೇನು” ಎಂದರು. “ಬಿಸ್ಲಿಗೆ ಟ್ಯಾನ್ ಆಗುತ್ತಂತೆ” ಎಂದ ಇನ್ನೊಬ್ಬ. “ಅವರಿಗೆ ಮನೆ, ಮಕ್ಳು ಬಿಟ್ರೆ ದೇಶ ಗೀಶ ಅಷ್ಟಕ್ಕಷ್ಟೇ” ಎಂದು ಮೂರನೆಯವರು ಗ್ಲಾಸು ಇಟ್ಟರು. ನಾನೂ ತಲೆಯಾಡಿಸಿದೆ. ನನ್ನ ಗುಮಾನಿಯೇ ಬೇರೆ ಇತ್ತು. ಮುಂದೆ ಹೆಂಗಸರಿದ್ದರೆ ಪೊಲೀಸರು ಲಾಠಿ ಎತ್ತುವುದಿಲ್ಲ, ಅದಕ್ಕೇ ಈ ಮನುಷ್ಯನಿಗೆ ಇಷ್ಟು ಆತುರ ಎಂದು ಅಧ್ಯಕ್ಷರ ಮುಖವನ್ನೇ ನೋಡಿದೆ. ಅವರು ಬನ್ನನ್ನು ಟೀಯಲ್ಲಿ ಅದ್ದಿ ನೆಮ್ಮದಿಯಾಗಿ ತಿನ್ನುತ್ತಿದ್ದರು. ಅಷ್ಟು ನೆಮ್ಮದಿಯಾಗಿರುವವರನ್ನು ನಾನು ಎಂದೂ ನಂಬಿದವನಲ್ಲ.

ಅಂದೇ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ‘ಮಹಿಳೆಯರ ಪಟ್ಟಿ’ ಎಂದು ಹಾಕಿದೆ. ಸಂಜೆಯೊಳಗೆ ಮೂವತ್ತೊಂದು ಆಯಿತು. ‘ನಮ್ಮ ಮನೆಯವರು, ಒಂದು.’ ‘ಮಿಸೆಸ್ ಮತ್ತು ಅತ್ತೆ, ಎರಡು.’ ನನ್ನ ಹೆಂಡತಿಯನ್ನೂ ಸೇರಿಸಿ ಸಂತೋಷಪಟ್ಟೆ. ಆ ಗುಂಪು ಮನೆಯ ಯಜಮಾನರದು, ಅದರಲ್ಲಿ ಒಬ್ಬಳೇ ಒಬ್ಬ ಹೆಂಗಸಿಲ್ಲ ಎಂಬುದು ಮೈಕ್ರಾನ್ ಲೆಕ್ಕದಲ್ಲಿ ತಪ್ಪು ಹುಡುಕುವ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ವಿಷಯ ಹೇಳಿದೆ. ನಾವು ಗದಗಿನ ಕಡೆಯವರು. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ಅವಳ ಮಾತು ಗದಗ ಬಿಟ್ಟು ಈಚೆಗೆ ಬಂದಿಲ್ಲ.

“ನನ್ನ ಹೆಸರ ಹಚ್ಚಿ ಬಂದ್ರೆನು? ನನ್ನ ಕೇಳಿದ್ರೆನು?”

“ದೇಶದ ಕೆಲಸಲೇ. ಅದಕ್ಕ ಏನ್ ಕೇಳೂದು?”

“ಹೋದ ಸಲ ದೇಶದ ಕೆಲಸ ಮಾಡಿ ಬಂದು ಮಿರ್ಚಿ ತಿಂದಿದ್ದು ಹೆಚ್ಚಾತು ಅಂತ ಮಕ್ಕೊಂಡ್ರಿ. ನಾ ಹೋಗಿ ಬಂದ್ರ ಯಾರ್ ರೊಟ್ಟಿ ಬಡೀತಾರ? ನಿಮ್ಮ ಅಧ್ಯಕ್ಷರು ಬರ್ತಾರೇನು?”

ಅಷ್ಟರಲ್ಲಿ ಒಳಗಿನಿಂದ ಮಗಳು ಬಂದಳು. “ಅಮ್ಮನ್ ಹೆಸರು ತೆಗೀರಿ. ನಾನ್ ಬರ್ತೀನಿ.”

ಮಗಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನ ಕೆಡೆಟ್ ದಳದಲ್ಲಿ ಅವಳೇ ಮುಂದಾಳು. ಸೇನೆಗೆ ಸೇರಬೇಕೆಂಬ ಆಸೆ ಅವಳಿಗೆ ಹತ್ತನೇ ತರಗತಿಯಿಂದ ಇದೆ. ಆ ಆಸೆ ತಾನಾಗಿ ಇಳಿಯಬಹುದೆಂಬ ಆಸೆ ನನಗೂ ಅಂದಿನಿಂದಲೇ ಇದೆ. ಹಿಂದಿನ ವರ್ಷ ಅವಳು ಗುಡ್ಡ ಹತ್ತುವ ಶಿಬಿರಕ್ಕೆ ಆಯ್ಕೆಯಾದಾಗ ನಾನು ಮೂರು ದಿನ ಬಸ್ಸು ಉರುಳಿದ ಸುದ್ದಿಗಳನ್ನೇ ಓದಿದೆ. ನಾಲ್ಕನೆಯ ದಿನ ಅವಳ ಲೆಕ್ಚರರಿಗೆ ಗುಟ್ಟಾಗಿ ಫೋನು ಮಾಡಿ, “ಮಗಳಿಗೆ ಜ್ವರ, ಆಕಿಗೆ ಹೇಳ್ಲಿಕ್ಕೆ ಸಂಕೋಚ” ಎಂದುಬಿಟ್ಟೆ. ಪಟ್ಟಿಯಿಂದ ಹೆಸರು ಹೋಯಿತು. ಒಂದು ತಿಂಗಳ ಮೇಲೆ ಆ ಪುಣ್ಯಾತ್ಮರು ಎಲ್ಲರ ಮುಂದೆ, “ಈಗ ಆರೋಗ್ಯ ಹೇಗಿದೆಯಮ್ಮ?” ಎಂದು ವಿಚಾರಿಸಿದರು. ಅವಳು ಮನೆಗೆ ಬಂದು ಕೂಗಾಡಲಿಲ್ಲ. ನನ್ನ ಎದುರು ಕುರ್ಚಿ ಎಳೆದು ಕೂತಳು.

“ಬೇಡ ಅನ್ನೋದಿದ್ರೆ ನನ್ ಮುಖಕ್ಕೇ ಹೇಳಿ. ಜಗಳ ಆಡೋಣ. ಹಿಂದಿನಿಂದ ಫೋನ್ ಮಾಡ್ಬೇಡಿ ಅಪ್ಪಾ. ಇನ್ನೊಂದ್ ಸಲ ಹಿಂಗಾದ್ರೆ ನಾನ್ ನಿಮ್ಗೆ ಏನೂ ಹೇಳಲ್ಲ.”

ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ಶನಿವಾರ ಸಂಜೆ ನಾನೊಬ್ಬನೇ ಮೆರವಣಿಗೆಯ ದಾರಿಯನ್ನು ಪೂರ್ತಿ ನಡೆದು ತಪಾಸಣೆ ಮಾಡಿದೆ. ಪಾರ್ಕಿನಿಂದ ಸರ್ಕಲ್‌ವರೆಗೆ ಪರವಾಗಿಲ್ಲ: ಎರಡು ಬೇಕರಿ, ಒಂದು ಗಣಪತಿ ಗುಡಿ, ಪರಿಚಯದ ಮುಖಗಳು. ಸರ್ಕಲ್ ದಾಟಿದರೆ ಹೈವೇ ಕಡೆಗೆ ಹೋಗುವ ರಸ್ತೆ. ಅಲ್ಲಿ ಒಂದು ಬಾರು. ಬಾರಿನ ಪಕ್ಕ ಅಗೆದು ಬಿಟ್ಟ ಗುಂಡಿ. ಗುಂಡಿಯ ಪಕ್ಕ ಬೈಕುಗಳ ಮೇಲೆ ಕೂತ ನಾಲ್ಕು ಯುವಕರು. “ನಾಳೆ ಮಸ್ತ್ ಇರುತ್ತೆ ಮಗಾ” ಎಂದು ಒಬ್ಬ ಅಂದದ್ದು ಕೇಳಿಸಿತು. ಮಸ್ತ್ ಅಂದರೆ ಏನು? ದೇಶದ ದುಃಖದಲ್ಲಿ ಮಸ್ತ್ ಯಾವುದು? ಮರುದಿನ ಅದೇ ಯುವಕರು ಗುಂಪಿನಲ್ಲಿರುತ್ತಾರೆ, ನನ್ನ ಮಗಳೂ ಇರುತ್ತಾಳೆ, ನೂಕುನುಗ್ಗಲಲ್ಲಿ ಯಾರ ಕೈ ಯಾರದೆಂದು ಯಾರು ಹೇಳುತ್ತಾರೆ? ಕಾಲೇಜು ದಿನಗಳಲ್ಲಿ ಮೆರವಣಿಗೆಯ ಗುಂಪಿನಲ್ಲಿ ನಾನೂ ಇದ್ದವನು. ಗುಂಪಿನಲ್ಲಿದ್ದಾಗ ನನ್ನ ಮುಖ ನನ್ನದಲ್ಲ ಎಂಬ ಹಗುರ ನನಗೂ ಗೊತ್ತು. ಬೇರೆ ಗಂಡಸರ ಮೇಲಿನ ನನ್ನ ಸಂಶಯಕ್ಕೆ ಇರುವ ಗಟ್ಟಿ ಆಧಾರ ಅದೊಂದೇ.

ಮನೆಗೆ ಹೋಗಿ ಅವಳಿಗೆ, “ಸರ್ಕಲ್‌ತನಕ ಬಾ, ಮುಂದ ಬ್ಯಾಡ” ಎಂದು ಹೇಳಬಹುದಿತ್ತು. ಜಗಳವಾಗುತ್ತಿತ್ತು, ಅವಳು ಗೆಲ್ಲುತ್ತಿದ್ದಳು. ಬೇಕರಿಯ ಮರೆಯಲ್ಲಿ ನಿಂತು ಅಧ್ಯಕ್ಷರಿಗೆ ಫೋನು ಮಾಡಿದೆ.

“ಸರ, ಮಗಳು ಬರ್ತಾಳ. ಸರ್ಕಲ್ ಬಂತು ಅಂದ್ರ ಆಕಿನ್ನ ಹೆಂಗರ ಮಾಡಿ ವಾಪಸ್ ಕಳಸ್ರಿ. ನಾ ಹೇಳಿದ್ದು ಗೊತ್ತಾಗಬಾರದು.”

ಆ ಕಡೆಯಿಂದ ನಗು. “ನೀವೂನಾ ಸಾರ್?”

ಆ ‘ನೀವೂ’ ನನಗೆ ಹಿಡಿಸಲಿಲ್ಲ. ಅದರ ಅರ್ಥವೇನಿರಬಹುದೆಂದು ರಾತ್ರಿ ಊಟದಲ್ಲೂ ಯೋಚಿಸಿದೆ. ಮಗಳು ಇಸ್ತ್ರಿ ಮಾಡಿದ ಬಿಳಿ ಕುರ್ತಾ ಹ್ಯಾಂಗರಿಗೆ ಹಾಕುತ್ತ, “ಯಾಕೆ, ಸಾರಲ್ಲಿ ಏನಾದ್ರೂ ಬಿದ್ದಿದ್ಯಾ?” ಎಂದು ಕೇಳಿದಳು.

ಭಾನುವಾರ ಐದು ಗಂಟೆಗೆ ಪಾರ್ಕಿನ ಮುಂದೆ ಮೂವತ್ತೊಂದರ ಬದಲು ಹನ್ನೊಂದು ಜನ ಹೆಂಗಸರಿದ್ದರು. ಉಳಿದವರ ಗಂಡಂದಿರು ಬಾವುಟ ಹಿಡಿದು ಸಮಯಕ್ಕೆ ಸರಿಯಾಗಿ ಬಂದಿದ್ದರು. “ಎಲ್ಲಿ ನಿಮ್ಮನೆಯವ್ರು?” ಎಂದರೆ, “ಸ್ವಲ್ಪ ತಲೆನೋವು.” ಒಂದೇ ಬಡಾವಣೆಯಲ್ಲಿ ಒಂದೇ ಸಂಜೆ ಇಪ್ಪತ್ತು ತಲೆನೋವು. ಬಂದ ಹನ್ನೊಂದು ಜನರಲ್ಲಿ ನನ್ನ ಮಗಳು, ಅವಳ ಮೂವರು ಗೆಳತಿಯರು, ಹಿಂದಿನ ಬೀದಿಯಲ್ಲಿ ಒಬ್ಬರೇ ಇರುವ ಹೈಸ್ಕೂಲ್ ಮೇಡಂ, ಇನ್ನು ಕೆಲವು ಗೃಹಿಣಿಯರು. ಅವರ ಕೈಗೆ ‘ಮಹಿಳಾ ಘಟಕ’ ಎಂಬ ಬ್ಯಾನರ್ ಕೊಟ್ಟು, ಸುತ್ತ ಗಂಡಸರು ಹಗ್ಗ ಹಿಡಿದು ನಿಂತರು. ನೋಡಿದರೆ ರಕ್ಷಣೆಯಂತೆಯೂ ಇತ್ತು, ತಪ್ಪಿಸಿಕೊಂಡು ಹೋಗದಂತೆ ಕಟ್ಟಿದ ಹಾಗೂ ಇತ್ತು.

ಮೊದಲು ಅಧ್ಯಕ್ಷರೇ ಘೋಷಣೆ ಕೂಗಿದರು. ಎರಡನೆಯದಕ್ಕೇ ಕೆಮ್ಮು ಬಂತು. ಆಗ ಮಗಳು ಶುರುಮಾಡಿದಳು. ಪರೇಡಿನಲ್ಲಿ ಪಳಗಿದ ಗಂಟಲು. ಇಡೀ ಬೀದಿ ತಿರುಗಿ ನೋಡಿತು. ಹಿಂದಿನ ಇನ್ನೂರು ಗಂಡಸರು ಅವಳು ಎತ್ತಿದಾಗ ಎತ್ತಿದರು, ನಿಲ್ಲಿಸಿದಾಗ ನಿಲ್ಲಿಸಿದರು. ಬೈಕಿನ ಯುವಕರೂ ಇದ್ದರು. “ಯಾರ್ ಮಚ್ಚಾ ಈ ಅಕ್ಕ, ಸಕ್ಕತ್ ವಾಯ್ಸು” ಎಂದು ಒಬ್ಬ ಕೇಳಿದ. ಅವನ ಮುಖದಲ್ಲಿ ಸಂಶಯಪಡುವಂಥದ್ದು ಏನನ್ನಾದರೂ ಕಾಣಲು ಬಹಳ ಪ್ರಯತ್ನಪಟ್ಟೆ. ನನ್ನ ಎದೆ ಉಬ್ಬಿತ್ತು. ಅದೇ ಎದೆಯೊಳಗೆ ಇನ್ನೊಂದು ದನಿ ಸರ್ಕಲ್ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಿತ್ತು. ಓಡಿಹೋಗಿ ಅಧ್ಯಕ್ಷರಿಗೆ, ನಿನ್ನೆ ಹೇಳಿದ್ದು ಬಿಟ್ಟುಬಿಡಿ ಎನ್ನಲೇ? ಅನ್ನಬೇಕೆಂದುಕೊಳ್ಳುವಷ್ಟರಲ್ಲಿ ಸರ್ಕಲ್ ಬಂದೇಬಿಟ್ಟಿತು.

ಅಧ್ಯಕ್ಷರು ಮೈಕ್ ಎತ್ತಿಕೊಂಡರು. “ತಾಯಂದಿರಿಗೆ, ಅಕ್ಕತಂಗಿಯರಿಗೆ ಧನ್ಯವಾದ. ಲೇಡೀಸು ಸರ್ಕಲ್‌ವರೆಗೆ ಮಾತ್ರ. ಇಲ್ಲಿಂದ ಮುಂದೆ ಗಂಡಸ್ರು ನೋಡ್ಕೋತೀವಿ. ಟೆಂಪೊ ಟ್ರಾವೆಲರ್ ರೆಡಿ ಇದೆ, ಎಲ್ಲಾರೂ ಹತ್ಕೊಳ್ಳಿ. ಒಳಗೆ ಬಾದಾಮಿ ಹಾಲಿದೆ.”

ಮಗಳು ಅಲ್ಲಾಡಲಿಲ್ಲ. “ಯಾಕೆ ಅಂಕಲ್? ಮುಂದೆ ಏನಿದೆ?”

“ಏನಿಲ್ಲಮ್ಮ, ಸೇಫ್ಟಿ.”

“ಏನಿಲ್ಲ ಅಂದ್ಮೇಲೆ ಸೇಫ್ಟಿ ಯಾಕೆ?”

ಅಧ್ಯಕ್ಷರಿಗೆ ಬೆವರು ಬಂತು. ಹಿಂದೆ ಇನ್ನೂರು ಜನ ಕಾಯುತ್ತಿದ್ದರು. “ನನ್ನನ್ಯಾಕಮ್ಮ ಕೇಳ್ತೀಯ? ನಿಮ್ಮನೆಯವ್ರೇ ಫೋನ್ ಮಾಡಿ ಕೇಳ್ಕೊಂಡ್ರು. ಒಬ್ರಲ್ಲ, ಹನ್ನೊಂದು ಜನರ ಮನೆಯಿಂದ್ಲೂ ಬಂದಿದೆ ಫೋನು!”

ಹೈಸ್ಕೂಲ್ ಮೇಡಂ ಬ್ಯಾನರಿನ ಕೋಲು ಊರಿ ನಿಂತರು. “ಸುಳ್ಳು ಹೇಳ್ಬೇಡಿ. ನಮ್ಮನೇಲಿ ನಾನೊಬ್ಳೇ ಇರೋದು. ಯಾರ್ರೀ ಮಾಡಿದ್ದು?”

“ನಿಮ್ ತಮ್ಮ, ಮೇಡಂ. ಶೆಟ್ಟಿಹಳ್ಳಿಯಿಂದ.”

ಯಾರೋ ನಕ್ಕರು. ಮೇಡಂ ನಗಲಿಲ್ಲ. ಹಗ್ಗ ಹಿಡಿದಿದ್ದ ಗಂಡಸರಲ್ಲಿ ಒಬ್ಬರು ಬಾವುಟದ ಬಟ್ಟೆ ಸರಿಮಾಡಿಕೊಂಡರು, ಇನ್ನೊಬ್ಬರು ಫೋನು ತೆಗೆದು ಬಾರದ ಕರೆ ನೋಡಿದರು. ಆಗ ನನಗೆ ಆ ‘ನೀವೂನಾ’ ಅರ್ಥವಾಯಿತು. ಟೀ ಅಂಗಡಿಯಲ್ಲಿ ಹೆಂಗಸರು ಯಾಕೆ ಬರುವುದಿಲ್ಲ ಎಂದು ತಲೆ ಕೆಡಿಸಿಕೊಂಡವರೆಲ್ಲ ಅಲ್ಲೇ ಇದ್ದೆವು, ಹಗ್ಗ ಹಿಡಿದುಕೊಂಡು. ಒಬ್ಬೊಬ್ಬನಿಗೂ ಉಳಿದ ನೂರತೊಂಬತ್ತೊಂಬತ್ತು ಜನರ ಮೇಲೆ ಅನುಮಾನ.

ಮಗಳು ನನ್ನ ಕಡೆ ತಿರುಗಿದಳು. ನನ್ನ ಮುಖ ಅವಳಿಗೆ ಹೇಳಬೇಕಾದದ್ದನ್ನು ಹೇಳಿರಬೇಕು. ಬ್ಯಾನರಿನ ಕೋಲನ್ನು ನನ್ನ ಕೈಗೆ ಕೊಟ್ಟು, “ಹಿಡ್ಕೊಳ್ಳಿ” ಎಂದಳು. ಟೆಂಪೊ ಹತ್ತದೆ, ಬಂದ ದಾರಿಯಲ್ಲಿ ನಡೆದು ಹೋದಳು. ಗೆಳತಿಯರು, ಮೇಡಂ ಅವಳ ಹಿಂದೆಯೇ ಹೋದರು; ಉಳಿದವರು ಟೆಂಪೊ ಹತ್ತಿದರು.

ಹೀಗೆ ನಾವು ನಾಲ್ವರು ಗಂಡಸರು ‘ಮಹಿಳಾ ಘಟಕ’ ಹೊತ್ತು ಮುಂದೆ ನಡೆದೆವು. ಆ ಫೋಟೊ ಇಂದಿಗೂ ಗುಂಪಿನಲ್ಲಿದೆ. ಸರ್ಕಲ್‌ನ ಆಚೆ ಏನೂ ಆಗಲಿಲ್ಲ. ಬಾರಿನ ಬಾಗಿಲು ಹಾಕಿತ್ತು. ಗುಂಡಿಗೆ ಬಿದ್ದದ್ದು ನನ್ನ ಒಂದು ಚಪ್ಪಲಿ ಮಾತ್ರ. ಘೋಷಣೆಗೆ ಗಂಟಲಿಲ್ಲದೆ ಮೆರವಣಿಗೆ ಸಪ್ಪಗಾಗಿ, ಹೈವೇ ಬಳಿ ಬೋಂಡಾ ತಿಂದು ಮುಗಿಯಿತು. ನಿವೃತ್ತ ಬ್ಯಾಂಕಿನವರು ಚಟ್ನಿ ಹಾಕಿಸಿಕೊಳ್ಳುತ್ತ, “ನೋಡಿದ್ರಾ ಸಾರ್, ಅರ್ಧಕ್ಕೇ ಹೋಗ್ಬಿಟ್ರು” ಎಂದರು. ಅವರ ಸೊಸೆಯೂ ಹನ್ನೊಂದರಲ್ಲಿ ಒಬ್ಬಳು. ನಾನು ಬೋಂಡಾ ಬಿಸಿ ಇದೆಯೆಂದು ಊದುತ್ತ ನಿಂತೆ.

ಮನೆಯಲ್ಲಿ ಮಗಳು ಒಂದೇ ಪ್ರಶ್ನೆ ಕೇಳಿದಳು. “ಯಾವಾಗ ಮಾಡಿದ್ರಿ ಫೋನು?”

“ನಿನ್ನಿ ಸಂಜಿಕೆ. ಹೆದರಿಕಿ ಆತವಾ.”

“ನಂಗೂ ಆಗಿತ್ತು” ಎಂದಳು. “ಅದಕ್ಕೇ ಮೂರ್ ಜನ ಫ್ರೆಂಡ್ಸ್‌ನ ಕರ್ಕೊಂಡ್ ಬಂದಿದ್ದೆ.”

ಆ ವಾರ ಅವಳು ಕಾಲೇಜಿನ ದಾಖಲೆಯಲ್ಲಿ, ಕೆಡೆಟ್ ದಳದ ಅರ್ಜಿಯಲ್ಲಿ ಪೋಷಕರ ನಂಬರು ಬದಲಾಯಿಸಿದಳು. ನನ್ನದು ತೆಗೆದು ಅಮ್ಮನದು ಹಾಕಿದಳು. ನನ್ನ ಹಾಗೆ ಹಿಂದಿನಿಂದ ಮಾಡಲಿಲ್ಲ. ನನ್ನ ಎದುರಿಗೇ ಕೂತು, ನನಗೆ ಬಂದ ಓಟಿಪಿ ಓದಿ ಹೇಳಿಸಿಕೊಂಡು ಮಾಡಿದಳು. ಆರು ಅಂಕಿಗಳನ್ನು ನಾನೇ ಓದಿದೆ.

ಹತ್ತು ದಿನದ ಮೇಲೆ, ಬೆಳಿಗ್ಗೆ, ಮೇಜಿನ ಮೇಲಿದ್ದ ಹೆಂಡತಿಯ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಲೆಕ್ಚರರ ಹೆಸರು. ಹೆಂಡತಿ ಹಿತ್ತಲಲ್ಲಿ ಬಟ್ಟೆ ಹಾಕುತ್ತಿದ್ದಳು. ಮಗಳು ಬಾಗಿಲ ಬಳಿ ಕೂತು ಷೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ನನ್ನ ಕೈ ಅರ್ಧ ದಾರಿ ಹೋಗಿತ್ತು. ಜ್ವರ ಎಂಬ ಶಬ್ದ ನಾಲಿಗೆಯ ತುದಿಯಲ್ಲೇ ಇತ್ತು ಎಂದರೆ ನಂಬಬೇಕು.

“ಏ, ನಿನ್ನ ಫೋನ್ ನೋಡ ಬಾ!” ಎಂದು ಕೂಗಿದೆ.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. “ಹೂಂರಿ ಸರ… ಕ್ಯಾಂಪ್ ಐತ್ರ್ಯಾ? ಹತ್ತ್ ದಿನಾ? ಆತ್ರಿ. ಆಕಿ ಬರ್ತಾಳ್ರಿ.”

ಎಲ್ಲಿ, ಎಷ್ಟು ಹುಡುಗಿಯರು, ಬಸ್ಸು ಯಾರದು, ಡ್ರೈವರಿಗೆ ವಯಸ್ಸೆಷ್ಟು ಎಂದು ಅವಳು ಒಂದನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸುಮ್ಮನೆ ಕುರ್ಚಿಯ ಹಿಡಿ ಹಿಡಿದುಕೊಂಡಿದ್ದೆ. ಮಗಳು ಎರಡನೆಯ ಷೂವಿನ ಲೇಸು ಕಟ್ಟಿ ಎದ್ದಳು.

“ಕ್ಯಾಂಪ್ ಬಗ್ಗೆ ಏನಾದ್ರೂ ಹೇಳೋದಿದ್ಯಾ ಅಪ್ಪಾ? ಈಗ್ಲೇ ಹೇಳಿ, ಜಗಳ ಆಡೋಕೆ ಐದ್ ನಿಮಿಷ ಇದೆ.”

“ಏನಿಲ್ಲವಾ.”

ಅವಳು ಬಾಗಿಲಲ್ಲೇ ನಿಂತು, ನಾನು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ, ನನ್ನನ್ನು ಒಂದು ಗಳಿಗೆ ನೋಡಿದಳು. ನಂಬಲಿಲ್ಲ. ನನ್ನ ಫೋನನ್ನು ಮೇಜಿನಿಂದ ಎತ್ತಿ ಅಮ್ಮನ ಕೈಗೆ ಕೊಟ್ಟು, ಕಾಲೇಜಿಗೆ ಹೋದಳು.