ಮಾನಿಟರಿಗಿಟ್ಟ ಅರಿಶಿನ

ಆಯುಧಪೂಜೆಯ ದಿನ ನಮ್ಮ ಪಾಂಡವಪುರದಲ್ಲಿ ಅರಿಶಿನ ಕುಂಕುಮ ತಪ್ಪಿಸಿಕೊಂಡ ಸಾಮಾನು ಸಿಗುವುದು ಕಷ್ಟ. ಟ್ರಾಕ್ಟರು, ಕುಡುಗೋಲು, ಹಾಲಿನ ಕ್ಯಾನು, ಕಡೆಗೆ ಬೀಗದ ಕೈಗೂ ಒಂದು ಬೊಟ್ಟು. ಹೀಗಿರುವಾಗ ನನ್ನ ಫೋಟೋ ಸ್ಟುಡಿಯೋದ ನಡುಮೇಜಿನಲ್ಲಿ ಹಿರಿಯಣ್ಣನಂತೆ ಕೂತ ಹೊಸ ಮಾನಿಟರು ಬರಿಹಣೆಯಲ್ಲಿರುವುದುಂಟೇ? ನನ್ನ ಹೆಂಡತಿ ಗಂಧಕ್ಕೆ ಅರಿಶಿನ ಕಲೆಸಿ, ಪರದೆಯ ನಟ್ಟನಡುವೆ ಮೂರು ಬೆರಳಲ್ಲಿ ಎಳೆದು ಕೈಮುಗಿದಳು. ಮಾರನೆಯ ದಿನ ನಾನು ಒದ್ದೆ ಬಟ್ಟೆ ಹಿಡಿದು ಹೊರಟರೆ, "ಪೂರಾ ಉಜ್ಬುಡಬ್ಯಾಡಿ, ಒಸಿ ಉಳೀಲಿ" ಎಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸು ಇಂಥ ಮಾತಿಗೆ ವಾದ ಹೂಡುವುದಿಲ್ಲ. ತೆಳ್ಳನೆಯ ಪೊರೆಯಷ್ಟು ಒಸಿ ಉಳಿಸಿದೆ.

ಆ ಮಾನಿಟರು ನನ್ನ ಮೇಜಿಗೆ ಬಂದದ್ದೇ ಸುಧಾಳ ಸಿಟ್ಟಿನಿಂದ. ಅರಕೆರೆಯ ಜಯಮ್ಮನವರ ಮಗಳು ಸುಧಾ ಒಳ್ಳೆಯ ಕಪ್ಪು ಮಣ್ಣಿನ ಬಣ್ಣದ ಹುಡುಗಿ. ಅವಳ ನಿಶ್ಚಿತಾರ್ಥದ ಆಲ್ಬಮ್ಮಿನಲ್ಲಿ ನಾನು, ಈ ಸೀಮೆಯ ಫೋಟೋದವರೆಲ್ಲ ಯಾರೂ ಕೇಳದೆಯೇ ಮಾಡುವ ಉಪಕಾರದಂತೆ, ಅವಳನ್ನು ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗೆ ಮಾಡಿ ಕೊಟ್ಟಿದ್ದೆ. ನಾಗಮಂಗಲದ ಬೀಗರ ಮನೆಯಲ್ಲಿ ಗಂಡಿನ ಅಜ್ಜಿ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ತಿರುವಿ, "ಎಲ್ಲಾ ಸರಿ, ನಮ್ ಹುಡ್ಗಿ ಎಲ್ಲವ್ಳೆ?" ಎಂದರಂತೆ. ಮದುವೆಯ ಫೋಟೋ ಕೆಲಸ ನನಗೆ ಒಪ್ಪಿಸುವಾಗ ಸುಧಾ ನನ್ನೆದುರು ನಿಂತು, "ಅಣ್ಣಾ, ಆ ಮನೇಲಿ ಇನ್ನೊಂದ್ಸಲ ನಾನು ನಾನಲ್ಲ ಅನ್ನಿಸ್ಕೊಳ್ಳಾಕೆ ಆಗಕಿಲ್ಲ. ನನ್ ಬಣ್ಣ ನಂಗ್ ಕೊಡು" ಎಂದಳು. ನಾಚಿಕೆಯಾಯಿತು. ಕೇಳಿದ್ದು ತನ್ನದನ್ನೇ ಅಲ್ಲವೇ, ಪಕ್ಕದ ಮನೆಯವರದನ್ನಲ್ಲವಲ್ಲ. ಬಣ್ಣವನ್ನು ಇದ್ದದ್ದು ಇದ್ದಂತೆ ತೋರಿಸುವ ಈ ಮಾನಿಟರು ಕೊಂಡು ತಂದೆ.

ಈ ಜಾತಿಯ ಮಾನಿಟರಿಗೆ ಬಣ್ಣದ ವಿಷಯದಲ್ಲಿ ಒಂದು ಜಾತಕ ಬರೆಸಬೇಕು, ಗೆಳೆಯರೇ. ಅಳತೆಯ ಪುಟ್ಟ ಯಂತ್ರವೊಂದನ್ನು ಪರದೆಯ ನಡುವಿಗೆ ಜೋತುಬಿಟ್ಟರೆ, ಪರದೆ ಒಂದಾದಮೇಲೊಂದು ಬಣ್ಣ ತೋರಿಸುತ್ತದೆ, ಯಂತ್ರ ಒಂದೊಂದನ್ನೂ ಅಳೆದು, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ಫೈಲು ಬರೆಯುತ್ತದೆ. ಆ ಫೈಲನ್ನು ಕೇಬಲ್ಲಿನ ಮೂಲಕ ಮಾನಿಟರಿನ ಹೊಟ್ಟೆಗೆ ಇಳಿಸಿದರೆ ಅಲ್ಲಿಂದಾಚೆಗೆ ಅದು ಸುಳ್ಳು ಹೇಳುವಂತಿಲ್ಲ. ನಾನು ಸ್ನಾನ ಮಾಡಿ, ಕಿಟಕಿಯ ಪರದೆ ಎಳೆದು, ಉಸಿರು ಬಿಗಿಹಿಡಿದು ಫೈಲು ಇಳಿಸಿದೆ. "ಯಶಸ್ವಿಯಾಗಿದೆ" ಎಂದು ಅದೇ ಹೇಳಿತು.

ಪರದೆ ಕೊಂಚ ನೀಲಿಗಟ್ಟಿದಂತೆ ಕಂಡಿದ್ದು ನಿಜ. ಆದರೆ ಅಳತೆಯ ಯಂತ್ರಕ್ಕಿಂತ ನನ್ನ ಕಣ್ಣು ದೊಡ್ಡದೇ? ಇಷ್ಟು ವರ್ಷ ತಪ್ಪನ್ನೇ ನೋಡಿದ ಕಣ್ಣಿಗೆ ಸತ್ಯ ಹೀಗೇ ಕಾಣುತ್ತದೆಂದು ಸಮಾಧಾನ ಮಾಡಿಕೊಂಡು, ನೀಲಿ ಹೋಗುವ ತನಕ ಪ್ರತಿ ಚಿತ್ರಕ್ಕೂ ಹಳದಿ ಬೆರೆಸಿದೆ. ಮಾದರಿಯ ಪ್ರತಿಗಳು ಅಚ್ಚಾಗಿ ಬಂದವು ನೋಡಿ, ಆರತಕ್ಷತೆ ಮುಗಿದರೂ ಅರಿಶಿನಶಾಸ್ತ್ರ ಮುಗಿದಿರಲಿಲ್ಲ! ಮದುಮಗನ ಸೂಟು, ಪುರೋಹಿತರ ಪಂಚೆ, ಅನ್ನ, ಮೊಸರು, ಎಲ್ಲಕ್ಕೂ ಕಾಮಾಲೆ. ಅಚ್ಚಿನವನನ್ನು ಫೋನಿನಲ್ಲಿ ಬೈದೆ, ಕಾಗದವನ್ನು ಬೈದೆ, ಕರೆಂಟನ್ನೂ ಬಿಡಲಿಲ್ಲ. ಮಾನಿಟರನ್ನು ಮಾತ್ರ ಬೈಯಲಿಲ್ಲ, ಅದರ ಹತ್ತಿರ ಸರ್ಟಿಫಿಕೇಟು ಇತ್ತು.

ಮಾರನೆಯ ದಿನ ತಾಯಿ ಮಗಳು ಬಂದರು. ಸುಧಾ ಆ ಹಳದಿ ಪ್ರತಿಗಳನ್ನು ನೋಡಿ ನಗಲೂ ಆಗದೆ ಅಳಲೂ ಆಗದೆ ಮುಖ ತಿರುಗಿಸಿದಳು. ನಾನು ಏನೂ ತಿದ್ದದ ಮೂಲ ಚಿತ್ರವನ್ನು ಪರದೆಯ ಮೇಲೆ ತೆರೆದೆ. ಅವಳು ಬಗ್ಗಿ ದಿಟ್ಟಿಸಿ, ನಡುವಿಗೆ ಬೆರಳಿಟ್ಟಳು. "ಅಣ್ಣಾ, ಇಲ್ ಮಾತ್ರ ನಾನು ನನ್ನಂಗೇ ಇವ್ನಿ. ಸುತ್ತಾ ಯಾಕ್ ನೀಲಿ?"

ಬಿಳಿಯ ಪುಟ ತೆರೆದೆ. ಇಡೀ ಪರದೆ ನೀಲಿಗಟ್ಟಿತ್ತು, ನಡುವೆ ಮೂರು ಬೆರಳಗಲ ಮಾತ್ರ ಶುದ್ಧ ಬಿಳುಪು. ಪಾಪ, ಯಂತ್ರ ಪ್ರಾಮಾಣಿಕವಾಗಿ ನನ್ನ ಹೆಂಡತಿಯ ಅರಿಶಿನವನ್ನು ಅಳೆದು, ಅದನ್ನು ಸರಿದೂಗಿಸಲು ಮಾನಿಟರಿಗೆಲ್ಲ ನೀಲಿ ಕುಡಿಸಿತ್ತು! ನಮ್ಮದೇ ಕಲೆಯ ಮೇಲೆ ಅಳತೆಗೋಲು ಇಟ್ಟು ಲೋಕವನ್ನೆಲ್ಲ ತಿದ್ದಲು ಹೊರಡುವುದು ನನ್ನೊಬ್ಬನ ಚಾಳಿಯಲ್ಲವೆಂದು ಆಗ ಹೊಳೆಯಿತಾದರೂ, ಹಾಗೆಂದು ತತ್ವ ಹೇಳುವ ಮುಖ ನನಗಿರಲಿಲ್ಲ. ಮನೆದೇವರಲ್ಲಿ ತಪ್ಪು ಕೇಳಿಕೊಂಡು ಪರದೆಯನ್ನು ಪೂರಾ ಉಜ್ಜಿದೆ. ಮತ್ತೆ ಅಳೆದು, ಮತ್ತೆ ಫೈಲು ಇಳಿಸಿ, ಧಾರೆಯ ಚಿತ್ರ ತೆರೆದೆ.

ಸುಧಾ ಅಲ್ಲಿದ್ದಳು, ಇದ್ದ ಹಾಗೇ. ಅವಳು ನಕ್ಕಳು. ಜಯಮ್ಮ ಮಾತ್ರ, "ಅವಳ್ದು ಅಂಗೇ ಇರ್ಲಿ, ಅವಳಿಷ್ಟ. ನನ್ನ ಒಸಿ ಬೆಳ್ಳಗೆ ಮಾಡ್ಬುಡಪ್ಪ, ಬೀಗ್ರು ನೋಡ್ತಾರೆ" ಎಂದರು.

ಗಿರಾಕಿಯ ಮಾತು, ಮಾಡಿದೆ. ಜಯಮ್ಮನವರ ಮುಖ, ಕತ್ತು, ಮಗಳ ಕೈಯನ್ನು ಕೆಳಗಿನಿಂದ ಹಿಡಿದಿದ್ದ ಅವರ ಕೈ, ಎಲ್ಲವೂ ಬೆಳ್ಳಗಾದವು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದ್ಯಾರ ಕೈಯಪ್ಪಾ, ನನ್ ಮಗಳ್ನ ಹಿಡ್ಕಂಡಿರೋದು?"

"ನಿಮ್ದೇ ಅಮ್ಮ."

"ನಂದಲ್ಲ ಬುಡು" ಎಂದರು ಜಯಮ್ಮ. "ಅವಳ್ನ ಧಾರೆ ಎರ್‌ದು ಕೊಟ್ಟೋಳು ನಾನು. ನನ್ ಕೈ ಹಾಕು."